ಇಂಗ್ಲಿಷ್ ಪ್ರಬಂಧದ ಶೀರ್ಷಿಕೆಯಲ್ಲಿ ದೊಡ್ಡಕ್ಷರ ಎಲ್ಲೆಲ್ಲಿ ಬರಬೇಕು?

ಪ್ರಶ್ನೆ – ಸಂಶೋಧನಾ ವಿದ್ಯಾರ್ಥಿನಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗ ಮತ್ತು ಬೋರ್ಡೋ ದ್ರಾವಣದ ಸಿಂಪಡಣೆ ಕುರಿತು ನಾನು ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಪತ್ರಿಕೆಯೊಂದು ಶೀರ್ಷಿಕೆಗಳ ದೊಡ್ಡಕ್ಷರ ಸರಿಪಡಿಸಿ ಎಂಬ ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದೆ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಬರವಣಿಗೆ ಶೈಲಿಯ ಏಳನೆಯ ಆವೃತ್ತಿಯನ್ನು ಅನುಸರಿಸಬೇಕೆಂದು ಅವರ ಸೂಚನೆಯಲ್ಲಿತ್ತು. ನಾನು ಮುಖ್ಯ ಶೀರ್ಷಿಕೆಯಿಂದ ಹಿಡಿದು ಕೊನೆಯ ರೆಫರೆನ್ಸ್ ಪಟ್ಟಿಯವರೆಗೆ ಎಲ್ಲ ಪದಗಳ ಮೊದಲಕ್ಷರವನ್ನೂ ದೊಡ್ಡದು ಮಾಡಿದ್ದೆ. 'ಆಫ್', 'ಇನ್', 'ದಿ'ಗಳನ್ನೂ ಬಿಟ್ಟಿರಲಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲದಿರುವುದರಿಂದಲೋ ಏನೋ, ಎಷ್ಟು ಸಲ ಓದಿದರೂ ಈ ತಪ್ಪು ನನ್ನ ಕಣ್ಣಿಗೆ ಬೀಳುವುದಿಲ್ಲ. ಅಡಿಕೆಯ ವೈಜ್ಞಾನಿಕ ಹೆಸರಾದ 'ಅರೆಕಾ ಕಟೆಚು' ಶೀರ್ಷಿಕೆಯೊಳಗೆ ಬಂದಾಗ ಎರಡನೆಯ ಪದವನ್ನು ಹೇಗೆ ಬರೆಯಬೇಕೆಂಬುದೂ ತಿಳಿಯದಾಗಿದೆ.

ಉತ್ತರ – ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಸಾಗರ

ಎಪಿಎಯಲ್ಲಿ ನಿಯಮ ಒಂದಲ್ಲ, ಎರಡು. ಹೆಚ್ಚಿನವರು ಎಡವುವುದು ಇಲ್ಲಿಯೇ. ನಿಮ್ಮ ಪ್ರಬಂಧದ ಶೀರ್ಷಿಕೆಗೆ ಮತ್ತು ಒಳಗಿನ ವಿಭಾಗಗಳ ತಲೆಬರಹಗಳಿಗೆ ಟೈಟಲ್ ಕೇಸ್ ಬಳಸಬೇಕು. ಅಂದರೆ ಮೊದಲ ಪದ, ಕೋಲನ್ ಆದಮೇಲಿನ ಮೊದಲ ಪದ, ನಾಮಪದ, ಸರ್ವನಾಮ, ಕ್ರಿಯಾಪದ, ವಿಶೇಷಣ, ಕ್ರಿಯಾವಿಶೇಷಣಗಳು ಮತ್ತು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಕ್ಷರಗಳಿರುವ ಯಾವುದೇ ಪದ ದೊಡ್ಡಕ್ಷರದಿಂದ ಆರಂಭವಾಗುತ್ತವೆ. ಹಾಗಾಗಿ 'ವಿತ್', 'ಫ್ರಮ್' ದೊಡ್ಡದಾಗುತ್ತವೆ. 'ಆಫ್', 'ಇನ್', 'ಆಂಡ್', 'ದಿ' ನಡುವೆ ಬಂದರೆ ಸಣ್ಣದಾಗಿಯೇ ಉಳಿಯುತ್ತವೆ. 'ಇಸ್' ಎಂಬುದು ಎರಡೇ ಅಕ್ಷರದ್ದೆಂದು ಸಣ್ಣದು ಮಾಡುವವರನ್ನು ಬಹಳ ಕಂಡಿದ್ದೇನೆ. ಅದು ಕ್ರಿಯಾಪದ, ದೊಡ್ಡಕ್ಷರವೇ ಬೇಕು.

ರೆಫರೆನ್ಸ್ ಪಟ್ಟಿಯಲ್ಲಿ ಲೇಖನ ಮತ್ತು ಪುಸ್ತಕಗಳ ಹೆಸರಿಗೆ ಸೆಂಟೆನ್ಸ್ ಕೇಸ್, ಅಂದರೆ ಸಾಮಾನ್ಯ ವಾಕ್ಯದಂತೆ: ಮೊದಲ ಪದ, ಕೋಲನ್ ಆದಮೇಲಿನ ಪದ ಮತ್ತು ಅಂಕಿತನಾಮಗಳಿಗಷ್ಟೇ ದೊಡ್ಡಕ್ಷರ. ಆದರೆ ಅದೇ ಸಾಲಿನಲ್ಲಿ ಬರುವ ಪತ್ರಿಕೆಯ ಹೆಸರು ಟೈಟಲ್ ಕೇಸಿನಲ್ಲಿಯೇ ಇರುತ್ತದೆ. ಒಂದೇ ಸಾಲಿನಲ್ಲಿ ಎರಡು ಪದ್ಧತಿಯೇಕೆ ಎಂದು ತರಗತಿಯಲ್ಲಿ ಕೇಳಿದವರಿಗೆ ನಾನೆಂದೂ ಸಮಾಧಾನಕರ ಉತ್ತರ ಕೊಟ್ಟವನಲ್ಲ.

ಇನ್ನು ವೈಜ್ಞಾನಿಕ ಹೆಸರಿನ ಮಾತು. 'ಅರೆಕಾ'ಕ್ಕೆ ಯಾವಾಗಲೂ ದೊಡ್ಡಕ್ಷರ, 'ಕಟೆಚು'ವಿಗೆ ಎಂದಿಗೂ ಇಲ್ಲ. ಶೀರ್ಷಿಕೆಯ ನಿಯಮಕ್ಕಿಂತ ಜೀವಿಗಳ ನಾಮಕರಣದ ನಿಯಮವೇ ಇಲ್ಲಿ ಮೇಲು.

ಉತ್ತರ – ಗ್ರಂಥಪಾಲಕಿ, ಶಿವಮೊಗ್ಗ

ಮೇಷ್ಟ್ರು ಹೇಳಿದ್ದು ಸರಿ. ಆದರೆ ನಾಲ್ಕು ಅಕ್ಷರದ ಲೆಕ್ಕ ಎಲ್ಲ ಶೈಲಿಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನು ಮರೆಯಬಾರದು. ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿಯಲ್ಲಿ ಪ್ರಿಪೊಸಿಷನ್ ('ವಿತ್', 'ಫ್ರಮ್'ನಂಥ ಪದ) ಎಷ್ಟೇ ಉದ್ದವಾಗಿದ್ದರೂ ನಡುವೆ ಬಂದಾಗ ಸಣ್ಣಕ್ಷರವೇ. ಶಿಕಾಗೊ ಎಂಬ ಇನ್ನೊಂದು ಶೈಲಿಯ ಕೈಪಿಡಿಯೂ ಹಾಗೆಯೇ ಹೇಳುತ್ತಿತ್ತು. 2024ರ ಹದಿನೆಂಟನೆಯ ಆವೃತ್ತಿಯಲ್ಲಿ ಐದು ಅಥವಾ ಹೆಚ್ಚು ಅಕ್ಷರಗಳ ಪ್ರಿಪೊಸಿಷನ್‌ಗಳಿಗೆ ದೊಡ್ಡಕ್ಷರ ಎಂದು ಬದಲಾಯಿಸಿದರು. ಪ್ರಬಂಧ ಬೇರೆ ಪತ್ರಿಕೆಗೆ ಹೋದರೆ 'ವಿತ್' ಮತ್ತೆ ಸಣ್ಣದಾಗಬೇಕಾಗಬಹುದು.

ಆದ್ದರಿಂದ ರೆಫರೆನ್ಸ್‌ಗಳನ್ನು ಸಂಗ್ರಹಿಸುವ ಜೊಟೆರೊದಂಥ ತಂತ್ರಾಂಶದಲ್ಲಿ ಎಲ್ಲ ಶೀರ್ಷಿಕೆಗಳನ್ನೂ ಸೆಂಟೆನ್ಸ್ ಕೇಸಿನಲ್ಲಿಯೇ ಸಂಗ್ರಹಿಸಿಡಿ. ಅಲ್ಲಿಂದ ಟೈಟಲ್ ಕೇಸಿಗೆ ಏರಿಸುವುದು ಯಂತ್ರಕ್ಕೆ ಸುಲಭ; ಇಳಿಸುವಾಗ ಯಾವುದು ಅಂಕಿತನಾಮ ಎಂಬುದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮದೇ ವಿಷಯದಲ್ಲಿ ನೋಡಿ: 'ಬೋರ್ಡೋ' ಫ್ರಾನ್ಸಿನ ಊರಿನ ಹೆಸರು, ಆದ್ದರಿಂದ ವಾಕ್ಯದ ನಡುವೆಯೂ ದೊಡ್ಡಕ್ಷರ ಬೇಕು, ಅದರ ಪಕ್ಕದ 'ಮಿಕ್ಸ್ಚರ್' ಸಣ್ಣದು. 'ತೀರ್ಥಹಳ್ಳಿ' ದೊಡ್ಡದು, 'ಕೊಳೆರೋಗ' ಸಣ್ಣದು.

ಉತ್ತರ – ಡಿಟಿಪಿ ಅಂಗಡಿಯವರು, ದುರ್ಗಿಗುಡಿ, ಶಿವಮೊಗ್ಗ

ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಇನ್ನೊಂದು ಗುಂಡಿಯಿದೆ, ನಾನು ಬಿದ್ದದ್ದು ಅದರಲ್ಲಿಯೇ. 'ಬರಹ' ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶದ ಲಿಪ್ಯಂತರದಲ್ಲಿ ದೊಡ್ಡ 'ಎಲ್' ಹಾಕಿದರೆ ಳ, ಸಣ್ಣದು ಹಾಕಿದರೆ ಲ. ಹಾಗೆಯೇ ಣ ಮತ್ತು ನ, ಡ ಮತ್ತು ದ. ಗಿರಾಕಿಯೊಬ್ಬರು ಆ ಪದ್ಧತಿಯಲ್ಲಿಯೇ ಬೆರಳಚ್ಚು ಮಾಡಿ ತಂದಿದ್ದ ಪಟ್ಟಿಯನ್ನು ನಾನು ಅಂದವಾಗಲೆಂದು ಪದಕ್ಕೊಂದೇ ದೊಡ್ಡಕ್ಷರ ಇರುವಂತೆ ಮಾಡಿಬಿಟ್ಟೆ. 'ಮಳೆ'ಗಳೆಲ್ಲ 'ಮಲೆ'ಗಳಾದವು! ಅರ್ಥವೇ ಕೆಟ್ಟರೂ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತಿದ್ದುದರಿಂದ ಮೂರು ಪ್ರತಿ ಮುದ್ರಿಸಿದ ಮೇಲಷ್ಟೇ ತಿಳಿಯಿತು. ಐಎಸ್‌ಒ 15919 ಎಂಬ ಅಂತಾರಾಷ್ಟ್ರೀಯ ಮಾನಕದ ಲಿಪ್ಯಂತರದಲ್ಲಿ ಳಕಾರವನ್ನು 'ಎಲ್' ಕೆಳಗಿನ ಚುಕ್ಕೆಯಿಂದ ಗುರುತಿಸುತ್ತಾರಾದ್ದರಿಂದ ಈ ಗೊಂದಲವಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ರೆಫರೆನ್ಸ್ ಪಟ್ಟಿಯನ್ನು ಇಂದು ಕೈಯಾರೆ ಸೆಂಟೆನ್ಸ್ ಕೇಸಿಗೆ ಇಳಿಸುತ್ತಾ ಕುಳಿತಾಗ, ಹಿಂದೊಮ್ಮೆ ಯಂತ್ರಕ್ಕೆ ಬಿಟ್ಟಿದ್ದ ಸಾಲುಗಳಲ್ಲಿ 'ಬೋರ್ಡೋ' ಮೂರು ಕಡೆ ಸಣ್ಣದಾಗಿರುವುದು ಸಿಕ್ಕಿತು. ಮುಖ್ಯ ಶೀರ್ಷಿಕೆಯಲ್ಲಿ 'ಪ್ರಿ-ಮಾನ್ಸೂನ್' ಎಂದು ಅಡ್ಡಗೆರೆ ಹಾಕಿ ಬರೆದಿದ್ದೇನೆ. ಅಲ್ಲಿ ಎರಡನೆಯ ಭಾಗಕ್ಕೂ ದೊಡ್ಡಕ್ಷರ ಬೇಕೇ, ಸರ್?

ಉತ್ತರ – ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಸಾಗರ

ಬೇಕಮ್ಮ. ಎಪಿಎಯ ಟೈಟಲ್ ಕೇಸಿನಲ್ಲಿ ಅಡ್ಡಗೆರೆಯ ಎರಡೂ ಬದಿಯ ಮುಖ್ಯ ಪದಗಳಿಗೆ ದೊಡ್ಡಕ್ಷರ. ರೆಫರೆನ್ಸ್ ಪಟ್ಟಿಯಲ್ಲಿ ಅದೇ ಪದ ನಡುವೆ ಬಂದರೆ ಎರಡೂ ಸಣ್ಣದು.