ಯೂಟ್ಯೂಬ್ ಓಡುತ್ತೆ, ನನ್ನ ಫೈಲ್ ಮಾತ್ರ ಹೋಗಲ್ಲ. ಇದು ನೆಟ್ ನ್ಯೂಟ್ರಾಲಿಟಿ (ನೆಟ್ ಕಂಪನಿ ಎಲ್ಲ ಡೇಟಾವನ್ನೂ ಒಂದೇ ರೀತಿ ನೋಡಬೇಕು ಅನ್ನೋ ತತ್ವ) ಮುರಿದಂತೆ ಅಲ್ವಾ?

ಫೋಟೋದವ_ಗಂಗಾವತಿ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ತೊಟ್ಟಿಲು, ಮನೆ ಶಾಂತಿ ಎಲ್ಲಾ ಮಾಡ್ತೀವಿ. ಈಗಿನ ಗಿರಾಕಿಗಳಿಗೆ ಪೆನ್‌ಡ್ರೈವ್ ಬೇಡ, ಲಿಂಕ್ ಬೇಕು. ಮದುಮಗಳ ಅಣ್ಣ ಬೆಂಗಳೂರಿನಲ್ಲಿ, ಕಾಕಾ ದುಬೈನಲ್ಲಿ. ಆಲ್ಬಮ್ ಮಾಡುವ ಲ್ಯಾಬ್‌ನವರಿಗೂ ನೆಟ್‌ನಲ್ಲೇ ಕಳಿಸಬೇಕು. ವಿಡಿಯೋ ಸೇರಿ ಒಂದು ಮದುವೆಗೆ 60-65 ಜಿಬಿ ಆರಾಮಾಗಿ ಆಗುತ್ತದೆ.

ನಮ್ಮ ಓಣಿಗೆ ಇರುವುದು ಒಂದೇ ಫೈಬರ್ ಕಂಪನಿ. ಮೊದಲು ಟಿವಿ ಕೇಬಲ್ ಕೊಡುತ್ತಿದ್ದವರೇ ಈಗ ನೆಟ್ಟೂ ಕೊಡ್ತಾರೆ. ನನ್ನದು 100 ಎಂಬಿಪಿಎಸ್ ಪ್ಲ್ಯಾನ್. ಲೆಕ್ಕದ ಪ್ರಕಾರ ಒಂದೂವರೆ ತಾಸಿನಲ್ಲಿ ಒಂದು ಮದುವೆ ಹೋಗಿ ಮುಟ್ಟಬೇಕು. ಬೆಳಿಗ್ಗೆ ಪರವಾಗಿಲ್ಲ. ಸಂಜೆ ಏಳಾಯಿತು ಅಂದರೆ ಅಪ್‌ಲೋಡ್ 11 ಪರ್ಸೆಂಟ್‌ಗೆ ಬಂದು ಕೂತುಬಿಡುತ್ತದೆ. ಅದೇ ಹೊತ್ತಿಗೆ ಒಳಗೆ ಅಮ್ಮ ಯೂಟ್ಯೂಬ್‌ನಲ್ಲಿ ಧಾರಾವಾಹಿ ಹಚ್ಚಿಕೊಂಡು ಕೂತಿರುತ್ತಾರೆ. ಒಂದು ಸಲ ಕೂಡ ಗುಂಡಗೆ ತಿರುಗಲ್ಲ!

ಫೋನ್ ಮಾಡಿದರೆ ಆ ಹುಡುಗ ಕೇಳೋದು ಒಂದೇ ಮಾತು: "ಯೂಟ್ಯೂಬ್ ಬರ್ತದಿಲ್ರಿ? ಮತ್ತ ನೆಟ್ ಐತಲ್ರಿ ಅಣ್ಣಾರ." ಸ್ಪೀಡ್ ಟೆಸ್ಟ್ ಹಚ್ಚಿದರೆ 98 ತೋರಿಸುತ್ತದೆ. ಅಲ್ಲಿಗೆ ನನ್ನ ಬಾಯಿ ಬಂದ್. ಮೇಲೆ "ಇನ್ನೂರು ಜಾಸ್ತಿ ಕೊಡ್ರಿ, ಸಿನಿಮಾ ಆ್ಯಪ್ ಎಲ್ಲಾ ಫ್ರೀ" ಅಂತ ಹೊಸ ಪ್ಲ್ಯಾನ್ ಬೇರೆ ಗಂಟು ಹಾಕಲು ನೋಡ್ತಾನೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇದನ್ನೇ ಅಲ್ವಾ 2016ರಲ್ಲಿ ಬಂದ್ ಮಾಡಿದ್ದು? ಬೇರೆ ಕಂಪನಿಗೆ ಹೋಗೋಣ ಅಂದರೆ ಪಕ್ಕದ ವಾರ್ಡಿನವರು "ನಿಮ್ಮ ಓಣಿ ನಮಗೆ ಬರಲ್ಲ" ಅಂತಾರೆ. ಏನು ಮಾಡಲಿ?

ಸ್ಪ್ಲೈಸಿಂಗ್_ಮಾಮ (ಸಿಂಧನೂರು)

ನಾನು ಮೊದಲು ಕೇಬಲ್ ಲೈನ್‌ಮನ್, ಆಮೇಲೆ ಫೈಬರ್ ಕೆಲಸ. ಈಗ ಎರಡೂ ಬಿಟ್ಟು ಗೊಬ್ಬರದ ಅಂಗಡಿ ಇಟ್ಟಿದ್ದೇನೆ. ಹಾಗಾಗಿ ಹೇಳೋಕೆ ಮುಲಾಜಿಲ್ಲ.

ನಿಮ್ಮ ಫೈಲನ್ನು ಯಾರೋ ಬೇಕಂತ ತಡೀತಿದ್ದಾರೆ ಅಂತ ನನಗೆ ಅನಿಸಲ್ಲ. ಯೂಟ್ಯೂಬ್ ಓಡುವುದಕ್ಕೆ ಕಾರಣ ಬೇರೆ. ಗೂಗಲ್, ನೆಟ್‌ಫ್ಲಿಕ್ಸ್‌ನವರು ಜನ ಜಾಸ್ತಿ ನೋಡುವ ವಿಡಿಯೋಗಳ ನಕಲು ತುಂಬಿದ ಸರ್ವರ್‌ಗಳನ್ನು ಇಂಟರ್ನೆಟ್ ಕಂಪನಿಗಳ ಒಳಗೇ ತಂದು ಇಡುತ್ತಾರೆ. ಕ್ಯಾಶ್ ಅಂತೀವಿ. ನಿಮ್ಮ ಅಮ್ಮನ ಧಾರಾವಾಹಿ ಅಮೆರಿಕದಿಂದೇನೂ ಬರ್ತಿಲ್ಲ, ಹತ್ತಿರದ ಯಾವುದೋ ಊರಿನ ಡಬ್ಬಿಯಿಂದ ಬರುತ್ತಿದೆ. ನಿಮ್ಮ ಫೈಲ್ ಹಾಗಲ್ಲ. ಅದು ಕಂಪನಿ ದಾಟಿ ಹೊರಗೆ ಹೋಗಬೇಕು. ಆ ಹೊರಗಿನ ಬ್ಯಾಂಡ್‌ವಿಡ್ತನ್ನು (ದಾರಿಯ ಅಗಲ ಅನ್ನಿ) ಸಣ್ಣ ಕಂಪನಿ ದೊಡ್ಡವರ ಹತ್ತಿರ ದುಡ್ಡು ಕೊಟ್ಟು ಕೊಳ್ಳುತ್ತದೆ. ಕೈ ಬಿಗಿ ಹಿಡಿಯೋದು ಅಲ್ಲೇ.

"ನಾನು ಕಳಿಸ್ತಿರೋದು, ಜನ ನೋಡೋದು ಡೌನ್‌ಲೋಡ್, ಎರಡಕ್ಕೂ ಏನು ಸಂಬಂಧ" ಅಂತ ಕೇಳಬಹುದು. ನೀವು ಕಳಿಸುವ ತುಣುಕುಗಳು ಮುಟ್ಟಿದವು ಅಂತ ಆ ಕಡೆಯಿಂದ ಉತ್ತರ ಬರುತ್ತಾ ಇರಬೇಕು. ಬರುವ ದಾರಿ ತುಂಬಿದ್ದರೆ ಆ ಉತ್ತರವೂ ಸಿಕ್ಕಿಹಾಕಿಕೊಳ್ಳುತ್ತದೆ, ನಿಮ್ಮ ಕಂಪ್ಯೂಟರ್ ಕಳಿಸುವುದನ್ನು ತಾನೇ ನಿಧಾನ ಮಾಡುತ್ತದೆ.

ಇನ್ನು ಕಂಬದ ಮೇಲಿನ ಕಥೆ. ಸ್ಪ್ಲಿಟರ್ ಡಬ್ಬಿ ತೆರೆದರೆ ಒಳಗೆ ಒಂದು ಎಳೆ ಬಂದು ಎಂಟಾಗಿರುತ್ತದೆ. ಆ ಎಂಟರಲ್ಲಿ ಒಂದೊಂದೂ ಮುಂದಿನ ಕಂಬದಲ್ಲಿ ಮತ್ತೆ ಎಂಟು. ಅಲ್ಲಿಗೆ ಕಂಪನಿ ಯಂತ್ರದ ಒಂದು ಪೋರ್ಟಿಗೆ 64 ಮನೆ. ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗೆ ಹಂಚುವ ಒಂದು ಬಗೆ) ಆದರೆ ಆ 64 ಮನೆಗೂ ಸೇರಿ ಕೆಳಗೆ ಬರಲು ಸುಮಾರು 2.5 ಜಿಬಿಪಿಎಸ್, ಮೇಲೆ ಹೋಗಲು 1.25. ಎಲ್ಲರಿಗೂ 100 ಅಂತ ಮಾರಿರ್ತಾರೆ, ಎಲ್ಲರೂ ಒಟ್ಟಿಗೆ ಎಳೆಯಲ್ಲ ಅನ್ನೋ ಧೈರ್ಯದ ಮೇಲೆ. ಇದು ಮೋಸ ಅಲ್ಲ, ಎಲ್ಲ ಕಡೆ ಹೀಗೇ ನಡೆಯೋದು. ಆದರೆ ಅಷ್ಟು ಮನೆಗಳ ಹಿಂದೆ ಹೊರಗಿನ ಬ್ಯಾಂಡ್‌ವಿಡ್ತ್ ಎಷ್ಟು ಕೊಂಡಿದ್ದಾರೆ ಅಂತ ಯಾರೂ ಹೇಳಲ್ಲ. ನಿಮ್ಮ ಕಡೆ ಮಂಗಗಳ ಕಾಟ ಬೇರೆ. ಆನೆಗೊಂದಿ ಭಾಗದಲ್ಲಿ ಫೈಬರ್ ಕಡಿದು ಜೋತಾಡೋದನ್ನು ನಾನೇ ನೋಡಿದ್ದೇನೆ. ಅದು ಬಿಡಿ, ಮಂಗ ಕಡಿದರೆ ನೆಟ್ ಪೂರ್ತಿ ಹೋಗುತ್ತದೆ, ಸಂಜೆ ಏಳಕ್ಕೇ ಅಂತ ಹೋಗಲ್ಲ.

ಆ 98ನ್ನು ಬಹಳ ನಂಬಬೇಡಿ. ಟೆಸ್ಟ್ ಆ್ಯಪ್ ಹತ್ತಿರದ ಸರ್ವರ್ ಹಿಡಿಯುತ್ತದೆ, ಎಷ್ಟೋ ಸಲ ಅದು ನಿಮ್ಮ ಕಂಪನಿಯ ಒಳಗಿನದೇ. ಮುಂಬೈನದೋ ಸಿಂಗಪುರದ್ದೋ, ಬೇರೆ ಕಂಪನಿಯ ಸರ್ವರ್ ಕೈಯಾರೆ ಆರಿಸಿ ನೋಡಿ. ಸಂಜೆ ವಿಪಿಎನ್ (ಡೇಟಾ ಯಾವ ಸೈಟಿಗೆ ಹೋಗ್ತಿದೆ ಅಂತ ಕಂಪನಿಗೆ ಕಾಣದಂತೆ ಮುಚ್ಚಿ ಕಳಿಸುವ ಆ್ಯಪ್) ಹಾಕಿಯೂ ಒಮ್ಮೆ ಅಪ್‌ಲೋಡ್ ಮಾಡಿ. ವಿಪಿಎನ್‌ನಲ್ಲಿ ಸರಸರ ಹೋದರೆ ಏನೋ ಮಸಲತ್ತು ಇರಬಹುದು. ಅದರಲ್ಲೂ ತೆವಳಿದರೆ ದಾರಿಯೇ ತುಂಬಿದೆ.

ಕರಿಕೋಟು_ಬಳ್ಳಾರಿ

ಕಾನೂನಿನ ಭಾಗ ನಾನು ಹೇಳ್ತೀನಿ.

8 ಫೆಬ್ರವರಿ 2016ರ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಹಿಡಿದದ್ದು ದರವನ್ನು. ಒಂದು ವೆಬ್‌ಸೈಟಿನ ಡೇಟಾಕ್ಕೆ ಒಂದು ರೇಟು, ಇನ್ನೊಂದಕ್ಕೆ ಬೇರೆ ರೇಟು ಅಥವಾ ಫ್ರೀ, ಹಾಗೆ ಮಾಡುವಂತಿಲ್ಲ. ಮಾಡಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ವೇಗ ತಗ್ಗಿಸುವುದು, ತಡೆಯುವುದು ಅದರಲ್ಲಿ ಇರಲಿಲ್ಲ. ಅದಕ್ಕೆ ನವೆಂಬರ್ 2017ರಲ್ಲಿ ಟ್ರಾಯ್ ಶಿಫಾರಸು ಮಾಡಿತು, ಜುಲೈ 2018ರಲ್ಲಿ ದೂರಸಂಪರ್ಕ ಇಲಾಖೆ ಒಪ್ಪಿತು, ಆಮೇಲೆ ಲೈಸೆನ್ಸ್ ಷರತ್ತಿಗೆ ಸೇರಿತು. ಆದರೆ ಮಾಮ ಹೇಳಿದರಲ್ಲ ಕ್ಯಾಶ್, ಆ ಬಗೆಯ ವ್ಯವಸ್ಥೆಯನ್ನು ಟ್ರಾಯ್ ಈ ನಿಯಮದಿಂದ ಹೊರಗಿಡಿ ಅಂತಲೇ ಹೇಳಿತ್ತು. ಸಿನಿಮಾ ಆ್ಯಪ್ ಪ್ಲ್ಯಾನಿನಲ್ಲಿ ಫ್ರೀ ಕೊಡೋದು ಚಂದಾ, ಡೇಟಾ ದರ ಅಲ್ಲ. ಅದೂ ಈ ನಿಯಮದ ಕೈಗೆ ಸಿಗಲ್ಲ.

ಒಬ್ಬೊಬ್ಬರ ದೂರನ್ನು ಟ್ರಾಯ್ ನೇರವಾಗಿ ನೋಡಲ್ಲ. ಮೊದಲು ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನಂಬರ್) ತಗೊಳ್ಳಿ, ಬಗೆಹರಿಯದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರ. ಗ್ರಾಹಕರ ಆಯೋಗಕ್ಕೂ ಹೋಗಬಹುದು. ಟೆಲಿಕಾಂ ದೂರುಗಳನ್ನು ಅವು ಕೇಳಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹುಡುಗನಿಗೆ ಫೋನ್ ಮಾಡಿ ಬೈದದ್ದು ದೂರು ಅನ್ನಿಸಿಕೊಳ್ಳಲ್ಲ. ಬರವಣಿಗೆಯಲ್ಲಿರಲಿ.

ಬಿಸಿಲೂರು_ರಾಯಚೂರು

ಇಷ್ಟೆಲ್ಲ ಕಾನೂನು ಇದ್ದು ಈ ಅಣ್ಣನ ಮದುವೆ ವಿಡಿಯೋ ಹೋಗಲಿಲ್ಲ ಅಲ್ವಾ? ಆಗ ಫೇಸ್‌ಬುಕ್‌ನವರು ಫ್ರೀ ಬೇಸಿಕ್ಸ್ (ಕೆಲವು ಸೈಟ್ ಮಾತ್ರ ಡೇಟಾ ದುಡ್ಡಿಲ್ಲದೆ ನೋಡುವ ಯೋಜನೆ) ಕೊಡ್ತೀವಿ ಅಂದರೆ ದೊಡ್ಡ ಊರಿನವರೆಲ್ಲ ಸೇರಿ ಬೇಡ ಅಂದರು. ದೇವದುರ್ಗದ ಹಳ್ಳಿ ಹುಡುಗರಿಗೆ ಅಷ್ಟಾದರೂ ಸಿಗುತ್ತಿತ್ತು. ಕೇಳಿದವರು ಯಾರು?

ಸ್ಪ್ಲೈಸಿಂಗ್_ಮಾಮ (ಸಿಂಧನೂರು)

ತಮ್ಮಾ, ಫ್ರೀ ಬೇಸಿಕ್ಸ್‌ಗೆ ಬಾಗಿಲು ಹಾಕಿದ್ದು ಫೆಬ್ರವರಿ 2016. ಅದೇ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ದೇವದುರ್ಗದ ಹುಡುಗರಿಗೆ ಆರಿಸಿ ಕೊಟ್ಟ ನಾಲ್ಕು ಸೈಟ್ ಅಲ್ಲ, ಪೂರ್ತಿ ಇಂಟರ್ನೆಟ್ ಸಿಕ್ಕಿತು. ತಂದದ್ದು ನಿಯಮ ಅಲ್ಲ, ಪೈಪೋಟಿ. ಹಾಗಂತ ಪೈಪೋಟಿ ಇದೆ ಅಂತ ನಿಶ್ಚಿಂತೆಯಾಗಿಯೂ ಇರಬೇಡ. ಜುಲೈ 2024ರಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ಮೊಬೈಲ್ ದರ ಏರಿಸಿದವು.

ಅಮೆರಿಕ ನೋಡು. 2015ರಲ್ಲಿ ನಿಯಮ ಬಂತು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, ಜನವರಿ 2025ರಲ್ಲಿ ಕೋರ್ಟ್ ಹೊಡೆದು ಹಾಕಿತು. ಅಲ್ಲೂ ಎಷ್ಟೋ ಮನೆಗಳಿಗೆ ವೇಗದ ನೆಟ್ ಕೊಡುವವರು ಒಬ್ಬರೇ ಇರ್ತಾರೆ. ಅದಕ್ಕೇ ಅಷ್ಟು ಜಗಳ. ಬೇರೆ ಕಡೆ ಹೋಗಲು ದಾರಿ ಇದ್ದವನಿಗೆ ನಿಯಮದ ನೆನಪೇ ಆಗಲ್ಲ.

ಮತ್ತೆ ಈ ಓಣಿ ಹಂಚಿಕೆ ಹಳೇ ಕೇಬಲ್ ಕಾಲದ್ದು. ಈ ಕಡೆ ನಿನ್ನದು, ಆ ಕಡೆ ನನ್ನದು ಅಂತ ಮಾತಾಡಿಕೊಂಡಿರ್ತಾರೆ, ಯಾವ ಕಾಗದದಲ್ಲೂ ಇರಲ್ಲ. ಒಂದು ಜಿಲ್ಲೆಯ ಆಸುಪಾಸಿಗೆ ಅಂತಲೇ ಸಿ ದರ್ಜೆಯ ಇಂಟರ್ನೆಟ್ ಲೈಸೆನ್ಸ್ ಇದೆ, ಅದರಲ್ಲಿ ಓಣಿ ಲೆಕ್ಕ ಎಲ್ಲಿಯೂ ಇಲ್ಲ.

ಫೋಟೋದವ_ಗಂಗಾವತಿ

ಮಾಮಾ, ನೀವು ಹೇಳಿದಂತೆ ಸಂಜೆ ಎಂಟಕ್ಕೆ ನೋಡಿದೆ. ಅದೇ ಆ್ಯಪ್, ಸರ್ವರ್ ಮುಂಬೈನದು ಆರಿಸಿದ್ದೇ ತಡ 98 ಹೋಗಿ 9 ಆಯಿತು. ವಿಪಿಎನ್ ಹಾಕಿದರೂ ಅಷ್ಟೇ. ಬೆಳಿಗ್ಗೆ ಆರಕ್ಕೆ ಅದೇ ಮುಂಬೈ 90ರ ಮೇಲೆ. ಸ್ಕ್ರೀನ್‌ಶಾಟ್ ಇಟ್ಟು ಇಮೇಲ್‌ನಲ್ಲಿ ದೂರು ಕೊಟ್ಟಿದ್ದೇನೆ, ಡಾಕೆಟ್ ನಂಬರ್ ಬಂದಿದೆ. ಪಕ್ಕದ ವಾರ್ಡಿನವರ ದನಿಯೂ ಸ್ವಲ್ಪ ಮೆತ್ತಗಾಗಿದೆ. ಓಣಿಯಿಂದ ಎಂಟು ಮನೆ ಒಪ್ಪಿಸಿದರೆ ವೈರ್ ಎಳೀತೀವಿ, ಜೆಸ್ಕಾಂ ಕಂಬದ ಪರ್ಮಿಷನ್ ನಾವೇ ನೋಡ್ಕೋತೀವಿ ಅಂದಿದ್ದಾರೆ. ಟ್ಯೂಷನ್ ಮೇಡಂ, ಅಕ್ಕಿ ಮಿಲ್ಲಿನ ಗುಮಾಸ್ತರು, ಮನೆಯಿಂದ ಕೆಲಸ ಮಾಡುವ ಹುಡುಗಿ ಆಗಲೇ ಹೂಂ ಅಂದಿದ್ದಾರೆ. ಆ ವೈರ್ ಬಂದ ದಿನವೇ ಹಳೇದನ್ನು ಕಟ್ ಮಾಡಿಸಲೇ?

ಸ್ಪ್ಲೈಸಿಂಗ್_ಮಾಮ (ಸಿಂಧನೂರು)

ಬೇಡ. ಮೊದಲು ಅವರ ಮನೆಯಲ್ಲೋ, ಅವರ ಗಿರಾಕಿ ಮನೆಯಲ್ಲೋ ಸಂಜೆ ಎಂಟಕ್ಕೆ ಕೂತು ಅದೇ ಮುಂಬೈ ಟೆಸ್ಟ್ ಮಾಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಟ್ರೇಸರ್ಟ್ (ಡೇಟಾ ಯಾರ್ಯಾರ ದಾರಿ ದಾಟಿ ಹೋಗುತ್ತದೆ ಅಂತ ತೋರಿಸುವ ಕಮಾಂಡ್) ಹಾಕಿ ಮೊದಲ ನಾಲ್ಕೈದು ಸಾಲುಗಳ ಫೋಟೋ ತೆಗೆದು ಇಲ್ಲಿ ಹಾಕಿ, ನಿಮ್ಮ ಮನೆಯದನ್ನೂ ಹಾಕಿ. ಇಬ್ಬರೂ ಒಬ್ಬನೇ ದೊಡ್ಡವನ ಹತ್ತಿರ ಬ್ಯಾಂಡ್‌ವಿಡ್ತ್ ತಗೋತಿದ್ದರೆ ಬಣ್ಣ ಬೇರೆಯಾದ ವೈರ್‌ಗೆ ಯಾಕೆ ಅಡ್ವಾನ್ಸ್ ಕೊಡ್ತೀರಿ? ಮತ್ತೆ ಅಪ್‌ಲೋಡ್ ಎಷ್ಟು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. "100" ಅಂತ ಬಾಯಲ್ಲಿ ಹೇಳೋದು ಡೌನ್‌ಲೋಡ್ ಮಾತ್ರ ಆಗಿರುತ್ತದೆ.