ಪದ ಬೇಕು: ಫ್ಲಾಪಿಯ ‘ನಾನ್‌ಸ್ಟ್ಯಾಂಡರ್ಡ್ ಫಾರ್ಮ್ಯಾಟಿಂಗ್’

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಹಳೇ ಕಂಪ್ಯೂಟರ್ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ವಿಂಡೋಸ್ 95 ಹಾಕಿಕೊಳ್ಳಲು ಕೊಡುತ್ತಿದ್ದ ಫ್ಲಾಪಿಗಳಲ್ಲಿ ಒಂದರ ಪಕ್ಕದಲ್ಲಿ ಹೀಗಿದೆ: ‘ಅಪ್ರಮಾಣಿತ ಸ್ವರೂಪಣದಿಂದ ಸಾಮರ್ಥ್ಯವನ್ನು 1.44 ಎಂಬಿಯಿಂದ 1.68 ಎಂಬಿಗೆ ಹೆಚ್ಚಿಸಲಾಗಿದೆ.’ ಬರೆದ ನನಗೇ ಅರ್ಥ ಆಗುತ್ತಿಲ್ಲ. ಫ್ಲಾಪಿಯ ಮೇಲೆ ದುಂಡಗಿನ ಟ್ರ್ಯಾಕ್ ಇರುತ್ತವೆ, ಟ್ರ್ಯಾಕಿನ ಒಂದೊಂದು ತುಂಡು ಸೆಕ್ಟರ್; ಹೀಗೆ ಹಂಚಿಡುವುದೇ ಫಾರ್ಮ್ಯಾಟಿಂಗ್. ಸೆಕ್ಟರ್‌ಗಳ ನಡುವಿನ ‘ಗ್ಯಾಪ್’ಗೂ ಒಂದು ಪದ ಕೊಡಿ.

*

‘ಅಪ್ರಮಾಣಿತ’ ಬೇಡವೇ ಬೇಡ. ಓದಿದವರು ಕಳ್ಳ ಫ್ಲಾಪಿ ಅಂದುಕೊಳ್ಳುತ್ತಾರೆ. ಇದನ್ನು ಮಾಡಿದ್ದು ಮೈಕ್ರೋಸಾಫ್ಟೇ ಅಲ್ವಾ? ‘ಸ್ವರೂಪಣ’ ಯಾವ ಊರಿನ ಕನ್ನಡ?

ಒಳಗೆ ಏನು ನಡೆದಿದೆ ನೋಡಿ. ಫ್ಲಾಪಿ ನಿಮಿಷಕ್ಕೆ 300 ಸಲ ತಿರುಗುತ್ತದೆ. ಸೆಕೆಂಡಿಗೆ 5 ಲಕ್ಷ ಬಿಟ್ ಬರೆಯುತ್ತದೆ. ಅಂದರೆ ಒಂದು ಸುತ್ತಿಗೆ 12,500 ಬೈಟ್. ತಲಾ 512 ಬೈಟಿನ 18 ಸೆಕ್ಟರ್ ಇಟ್ಟರೆ ನಮಗೆ ಸಿಗುವುದು 9,216. ಉಳಿದದ್ದು ಸೆಕ್ಟರಿನ ವಿಳಾಸಕ್ಕೆ, ತಪ್ಪು ಹಿಡಿಯುವ ಲೆಕ್ಕಕ್ಕೆ, ಮತ್ತೆ ಖಾಲಿ ಜಾಗಕ್ಕೆ. ಒಂದು ಡ್ರೈವ್ ಚೂರು ಜೋರಾಗಿ ತಿರುಗುತ್ತದೆ, ಇನ್ನೊಂದು ನಿಧಾನ. ಬರೆಯುವಾಗ ಪಕ್ಕದ ಸೆಕ್ಟರ್ ಅಳಿಸಿಹೋಗಬಾರದು ಅಂತ ಆ ಖಾಲಿ. ಅದಕ್ಕೆ ನಮ್ಮಲ್ಲಿ ಪದ ಇದೆ: ಬದು. ಬದು ಸವರಿ 18ರ ಕಡೆ 21 ಹೂಡಿದ್ದಾರೆ. ಹಾಗಾಗಿ ‘ಬದು ಒತ್ತುವರಿ’ ಅನ್ನಿ. ಸೆಕ್ಟರ್‌ಗೆ ಪಾತಿ, ಟ್ರ್ಯಾಕ್‌ಗೆ ಸಾಲು.

*

ಒತ್ತುವರಿ ಅಂದರೆ ಬೇರೆಯವರ ನೆಲ ನುಂಗುವುದು. ಇಲ್ಲಿ ಬದುವಿನ ಎರಡೂ ಕಡೆ ತನ್ನದೇ ಹೊಲ. ತಹಸೀಲ್ದಾರರನ್ನು ಕರೆಸೋಣವೇ? ಸಾಲು ನೇರ ಇರುತ್ತದೆ, ಟ್ರ್ಯಾಕ್ ದುಂಡಗೆ. ಅದು ‘ಸುತ್ತು’.

ಇನ್ನೂ ಒಂದು. ಎಲ್ಲರೂ ಬರೀ ಬದು ಸವರಿ ಜಾಸ್ತಿ ತುಂಬಲಿಲ್ಲ. ಲಿನಕ್ಸ್‌ನ 1722 ಕೆಬಿ ಫ್ಲಾಪಿ ಬಗೆಯಲ್ಲಿ ಮಾಮೂಲಿ 80 ಸುತ್ತಿನ ಆಚೆ ಇನ್ನೆರಡು ಸುತ್ತು ಬರೆಯುತ್ತಿದ್ದರು. ಐಬಿಎಂ ಕಂಪನಿಯ ಫ್ಲಾಪಿ ಬಗೆಯಾದ ಎಕ್ಸ್‌ಡಿಎಫ್ ಒಂದೇ ಸುತ್ತಿನಲ್ಲಿ ಬೇರೆ ಬೇರೆ ಅಳತೆಯ ಸೆಕ್ಟರ್ ಇಟ್ಟಿತು. ಇಷ್ಟಕ್ಕೂ ಸೇರಿ ‘ರೂಢಿ ಮೀರಿದ ಫಾರ್ಮ್ಯಾಟ್’ ಸಾಕು. 1.44 ಎಂಬಿ ಅನ್ನುವುದೂ ಅಡ್ಡಾದಿಡ್ಡಿ ಲೆಕ್ಕ, ಒಂದು ಕಡೆ 1000, ಇನ್ನೊಂದು ಕಡೆ 1024. 1440 ಕೆಬಿ, 1680 ಕೆಬಿ ಅಂತ ಬರೆಯಿರಿ.

*

‘ರೂಢಿ’ ಸಂಸ್ಕೃತ, ‘ಫಾರ್ಮ್ಯಾಟ್’ ಇಂಗ್ಲಿಷು. ಕನ್ನಡದ್ದು ‘ಮೀರಿದ’ ಒಂದೇ! ಹೀಗೆ ಎರವಲು ತಂದು ತಂದೇ ನಮ್ಮವರಿಗೆ ಬದು, ಪಾತಿ ಮರೆತಿರುವುದು.

*

ನಿಮ್ಮ ಹಿಂದಿನ ಪತ್ರದ ‘ಖಾಲಿ’ ಅರಬ್ಬಿ. ‘ಜಾಗ’, ‘ಜೋರು’ ಎರಡೂ ಪಾರಸಿ. ಸುಮ್ನೆ ಬೇರೆಯವರಿಗೆ ಪಾಠ ಯಾಕೆ?

*

ಅವು ಹಳ್ಳಿ ಹಳ್ಳಿಯಲ್ಲಿ ಓಡಾಡುವ ಪದಗಳು. ಬಂದು ಎಷ್ಟು ಕಾಲವಾಯಿತು!

*

ಫಾರ್ಮ್ಯಾಟ್ ಕೂಡ ಇವತ್ತು ಹಳ್ಳಿಯ ಮೊಬೈಲ್ ಅಂಗಡಿಯಲ್ಲೇ ಓಡಾಡುತ್ತಿದೆ. ಮುಗೀತು.

ಪ್ರದರ್ಶನದವರೇ, ವಿಂಡೋಸ್ 95ರ ಮೊದಲನೇ ಫ್ಲಾಪಿ ಇಟ್ಟೀರಿ ಮತ್ತೆ. ಅದು ಮಾಮೂಲಿ 1440. ಎರಡನೆಯದರಿಂದ ಮುಂದೆ ಮಾತ್ರ 1680.

*

ಅಯ್ಯೋ, ಮೊದಲನೆಯದನ್ನೇ ಎತ್ತಿಟ್ಟಿದ್ದೆ! ಬದಲಾಯಿಸುತ್ತೇನೆ, ಥ್ಯಾಂಕ್ಸ್. ಫಲಕಕ್ಕೆ ಇದು ಹೋಗುತ್ತಿದೆ: ‘ಇಂಥ ಫ್ಲಾಪಿಯಲ್ಲಿ ಸಾಮಾನ್ಯವಾಗಿ ಸುತ್ತಿಗೆ 18 ಸೆಕ್ಟರ್, ಒಟ್ಟು 1440 ಕೆಬಿ. ಇದರಲ್ಲಿ ನಡುವಿನ ಬದು ಕಿರಿದು ಮಾಡಿ 21 ಸೆಕ್ಟರ್ ಹಿಡಿಸಿದ್ದಾರೆ, ಒಟ್ಟು 1680 ಕೆಬಿ.’ ಫಾರ್ಮ್ಯಾಟ್ ಪದವೇ ಬೇಕಾಗಲಿಲ್ಲ.

*

‘ಸೆಕ್ಟರ್’ ಉಳಿಯಿತಲ್ಲ. ಪಾತಿ ಅನ್ನಲು ಏನು ಕಷ್ಟ?