ಮನೆಯ ಬೇಲರ್‌ಗೆ ಬೆಲೆ ಎಷ್ಟು?

ದೊಡ್ಡಣ್ಣ: ಎಲ್ಲರೂ ಒಮ್ಮೆ ನೋಡಿ. ಅಪ್ಪ, ಚಿಕ್ಕಪ್ಪ ಸೇರಿ ಕೊಂಡಿದ್ದ ಬೇಲರ್, ಅದೇ ಒಣಹುಲ್ಲನ್ನು ಪೆಂಡಿ ಕಟ್ಟುವ ಯಂತ್ರದ ವಿಷಯ ಇವತ್ತೇ ಮುಗಿಯಲಿ. ಯಂತ್ರವನ್ನು ನಾನೇ ಇಟ್ಟುಕೊಳ್ಳುತ್ತೇನೆ. ಗುಜರಿಯವನು ಕಬ್ಬಿಣದ ತೂಕಕ್ಕೆ ಒಂದು ಮೊತ್ತ ಹೇಳಿದ್ದಾನೆ. ಅದರ ಮೇಲೆ ಸ್ವಲ್ಪ ಸೇರಿಸಿ ಅವರವರ ಪಾಲು ಕೊಟ್ಟುಬಿಡುತ್ತೇನೆ.

ಅಕ್ಕ: ಹೋದ ವರ್ಷವೂ ಹುಲ್ಲು ಕಟ್ಟಿದ ಯಂತ್ರಕ್ಕೆ ಗುಜರಿ ಬೆಲೆಯೇ? ನಾನು ಒಪ್ಪುವುದಿಲ್ಲ.

ಚಿಕ್ಕಪ್ಪ: [ಚಿತ್ರ] ಈ ಜಾಹೀರಾತು ನೋಡಿ. ನಮ್ಮದೇ ಕಂಪನಿ, ನಮ್ಮದೇ ಮಾದರಿ. ಅವರು ಕೇಳುತ್ತಿರುವ ಬೆಲೆ ಎಷ್ಟಿದೆ ಓದಿಕೊಳ್ಳಿ. ನಮ್ಮದರ ಬಣ್ಣ ಇದಕ್ಕಿಂತ ಚೆನ್ನಾಗಿದೆ.

ದೊಡ್ಡಣ್ಣ: ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು ಚಿಕ್ಕಪ್ಪ.

ನಾನು: ಅಣ್ಣ, ಆ ಮಾತು ಸರಿ. ಆದರೆ ಗುಜರಿಯ ಬೆಲೆಯೂ ಯಂತ್ರದ ಬೆಲೆಯಲ್ಲ. ಅದು ತಳ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದಷ್ಟೇ ಅದರ ಅರ್ಥ. ಗಂಟು ಹಾಕದ, ಗೇರ್‌ಬಾಕ್ಸ್ ಒಡೆದ ಬೇಲರ್ ಕೂಡ ಬಿಡಿಭಾಗಗಳಿಗಾಗಿ ಗುಜರಿಗಿಂತ ಹೆಚ್ಚಿಗೆ ಹೋಗಬಹುದು. ಚಿಕ್ಕಪ್ಪ, ನೀವು ಕಳುಹಿಸಿದ್ದು ಕೇಳಿದ ಬೆಲೆ, ಮಾರಾಟವಾದ ಬೆಲೆಯಲ್ಲ. ಜಾಹೀರಾತು ಎಷ್ಟು ದಿನದಿಂದ ಹಾಗೇ ಬಿದ್ದಿದೆ ಎಂಬುದನ್ನೂ ನೋಡಬೇಕು. ಹರಾಜಿನಲ್ಲಿ ಇದೇ ಮಾದರಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ಹುಡುಕೋಣ. ಹುಡುಕುವಾಗ ತಿಂಗಳನ್ನೂ ಗಮನಿಸಿ. ಹುಲ್ಲು ಕೊಯ್ಯುವ ಕಾಲ ಹತ್ತಿರ ಬಂದಾಗ ಬೇಲರ್ ಬೆಲೆ ಏರುತ್ತದೆ, ಸುಗ್ಗಿ ಮುಗಿದ ಮೇಲೆ ಇಳಿಯುತ್ತದೆ.

ಭಾವ: ಇಷ್ಟೊಂದು ತಲೆನೋವು ಏಕೆ? ಕೊಂಡ ಬೆಲೆಯಲ್ಲಿ ವರ್ಷಕ್ಕೆ ಶೇಕಡಾ ಹತ್ತರಂತೆ ಕಳೆಯುತ್ತಾ ಬನ್ನಿ. ಲೆಕ್ಕ ಒಂದು ನಿಮಿಷದ್ದು.

ನಾನು: ಭಾವ, ಆ ಲೆಕ್ಕ ಖಾತೆ ಪುಸ್ತಕಕ್ಕೆ ಸರಿ, ಮಾರುಕಟ್ಟೆಗೆ ಅಲ್ಲ. ಹೊಸ ಯಂತ್ರದ ಬೆಲೆ ಮೊದಲ ಕೆಲವು ವರ್ಷಗಳಲ್ಲಿ ಧಡಧಡನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ, ಒಂದು ಹಂತದ ನಂತರ ವಯಸ್ಸಿನ ಲೆಕ್ಕವೇ ಹಿಂದೆ ಸರಿಯುತ್ತದೆ. ಚೌಕ ಪೆಂಡಿಯ ಬೇಲರ್‌ಗಳಲ್ಲಂತೂ ಇದು ಇನ್ನೂ ನಿಜ, ಏಕೆಂದರೆ ಮೂಲ ರಚನೆ ಹೆಚ್ಚು ಬದಲಾಗಿಲ್ಲ. ಗಂಟು ಹಾಕುವ ನಾಟರ್‌ನ ಮೂಲ ಇರುವುದು 1870ರ ದಶಕದಲ್ಲಿ ಅಮೆರಿಕದ ಜಾನ್ ಆಪಲ್‌ಬಿ ಪೈರಿನ ಕಟ್ಟು ಕಟ್ಟಲು ರೂಪಿಸಿದ ಸಾಧನದಲ್ಲಿ. ಹೊಲದಲ್ಲಿ ಸಾಗುತ್ತಲೇ ಹುಲ್ಲೆತ್ತಿ ತಾನಾಗಿ ಗಂಟು ಹಾಕುವ ಬೇಲರ್‌ಗಳು 1940ರ ದಶಕದಲ್ಲಿ ಹೊಲಕ್ಕೆ ಇಳಿದವು. ಅದೇ ಕ್ರಮ ಈಗಲೂ ನಡೆಯುತ್ತಿದೆ. ಹಾಗಾಗಿ ಹಳೆಯ ಬೇಲರ್‌ಗೆ ತಯಾರಾದ ವರ್ಷಕ್ಕಿಂತ ಬಿಡಿಭಾಗ ಸಿಗುತ್ತದೆಯೇ ಎಂಬುದೇ ದೊಡ್ಡ ಪ್ರಶ್ನೆ. ಚೌಕಟ್ಟಿನ ಮೇಲಿನ ಸರಣಿ ಸಂಖ್ಯೆಯ ತಗಡನ್ನು ಒರೆಸಿ ಚಿತ್ರ ತೆಗೆದಿದ್ದೇನೆ. ಅದನ್ನು ಹಿಡಿದೇ ಬಿಡಿಭಾಗ ಕೇಳಬೇಕು.

ಅಕ್ಕ: ಹಾಗಾದರೆ ನಮ್ಮದರ ಸ್ಥಿತಿ ಹೇಗಿದೆ? ಅದನ್ನು ಓಡಿಸುವವಳು ನೀನು, ನೀನೇ ಹೇಳು.

ನಾನು: [ಚಿತ್ರ] ಇದು ಎಡಗಡೆಯ ನಾಟರ್. ಕೊಕ್ಕಿನಂಥ ಭಾಗ ಕಾಣುತ್ತದೆಯಲ್ಲ, ಅದೇ ತಿರುಗಿ ಹುರಿಯನ್ನು ಸುತ್ತಿಕೊಂಡು ಗಂಟು ಹಾಕುವುದು. ಹುರಿ ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಅದರ ಮೇಲೆ ಗೀರಿನಂತೆ ತಗ್ಗು ಬಿದ್ದಿದೆ. ಉಗುರು ಆಡಿಸಿದರೆ ತಡೆಯುತ್ತದೆ. ಬಲಗಡೆಯದು ನುಣುಪಾಗಿದೆ. ಗಂಟು ಜಾರಿಸುವ ತೋಳು ಕೊಕ್ಕಿನ ಬೆನ್ನನ್ನು ಸವರಿಕೊಂಡು ಹೋಗಬೇಕು. ಎಡಗಡೆ ಅಲ್ಲಿ ಸಂದು ಕಾಣುತ್ತಿದೆ. ಕೊಳ್ಳುವವನು ಮೊದಲು ಬಗ್ಗಿ ನೋಡುವುದೇ ಇದನ್ನು. ಗಂಟು ಬೀಳದಿದ್ದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಅದು ಹುಲ್ಲು ಚೆಲ್ಲುವ ಯಂತ್ರ.

ದೊಡ್ಡಣ್ಣ: ನೋಡಿದಿರಾ? ಸವೆದಿದೆ ಎಂದು ಅವಳೇ ಒಪ್ಪಿಕೊಂಡಳು.

ನಾನು: ಒಂದು ನಾಟರ್‌ನ ಕೆಲವು ಭಾಗಗಳು ಸವೆದಿವೆ. ಅವು ಬದಲಾಯಿಸುವಂಥವೇ. ಆ ಖರ್ಚನ್ನು ಕಳೆಯೋಣ, ಯಂತ್ರವನ್ನೇ ಕಳೆಯುವುದು ಬೇಡ.

ಚಿಕ್ಕಪ್ಪ: ಎಣಿಕೆಯ ಮೀಟರ್ ನೋಡಮ್ಮ. ಇಷ್ಟು ವಯಸ್ಸಿಗೆ ಪೆಂಡಿಗಳ ಸಂಖ್ಯೆ ಕಡಿಮೆಯೇ ಇದೆ. ಅದಕ್ಕಾದರೂ ಬೆಲೆ ಸಿಗಬೇಕು.

ನಾನು: ಚಿಕ್ಕಪ್ಪ, ಮೀಟರ್ ನಿಂತುಹೋಗಿರಬಹುದು, ಬದಲಾಗಿರಬಹುದು, ಯಾರಾದರೂ ಸೊನ್ನೆಗೆ ತಿರುಗಿಸಿರಲೂಬಹುದು. ಕೊಳ್ಳುವವರು ಅದನ್ನು ನಂಬುವುದಿಲ್ಲ. ಹುಲ್ಲು ಜಾರುವ ಕೋಣೆಯ ತಳದ ತಗಡು ಎಷ್ಟು ತೆಳುವಾಗಿದೆ, ಹುಲ್ಲೆತ್ತುವ ಹಲ್ಲುಗಳಲ್ಲಿ ಎಷ್ಟು ಮುರಿದಿವೆ, ಹುಲ್ಲನ್ನು ಒತ್ತಿ ಪೆಂಡಿ ಮಾಡುವ ಪ್ಲಂಜರ್ ಹಳಿಯ ಮೇಲೆ ಅಲುಗಾಡುತ್ತದೆಯೇ ಎಂದು ನೋಡುತ್ತಾರೆ. ಪ್ಲಂಜರ್‌ನ ಕತ್ತಿಗೂ ಎದುರಿನ ಕತ್ತಿಗೂ ನಡುವೆ ತೀರಾ ಸಣ್ಣ ಸಂದು ಮಾತ್ರ ಇರಬೇಕು. ಅದು ಅಗಲವಾದರೆ ಹುಲ್ಲು ಕತ್ತರಿಸುವ ಬದಲು ಹರಿದುಬರುತ್ತದೆ, ಪೆಂಡಿಯ ಒಂದು ಬದಿ ಜಡೆಜಡೆಯಾಗಿರುತ್ತದೆ. ಹೋದ ವರ್ಷದ ಪೆಂಡಿಗಳು ಕೊಟ್ಟಿಗೆಯಲ್ಲಿ ಇನ್ನೂ ಇವೆ. ಅವುಗಳ ಬದಿ ಸಾಕಷ್ಟು ನೇರವಾಗಿದೆ. ಅದು ನಮ್ಮ ಪರವಾದ ಸಾಕ್ಷಿ.

ನಾನು: [ಚಿತ್ರ] ಆದರೆ ಇದನ್ನೂ ಎಲ್ಲರೂ ನೋಡಲೇಬೇಕು. ಇದು ಫ್ಲೈವೀಲ್‌ನ, ಅಂದರೆ ಭಾರದ ತಿರುಗುಚಕ್ರದ, ಶಿಯರ್ ಬೋಲ್ಟ್. ಅದರ ತಲೆಯ ಮೇಲೆ ಆರು ಗೆರೆಗಳಿವೆ. ಅಂದರೆ ಅದು ಗ್ರೇಡ್ 8, ಬಹಳ ಗಟ್ಟಿ ಬೋಲ್ಟ್. ಕೈಪಿಡಿ ಹೇಳುವುದು ಇದಕ್ಕಿಂತ ಮೆದುವಾದ ಬೋಲ್ಟನ್ನು. ಒಳಗೆ ಮುದ್ದೆಯೋ ಕಟ್ಟಿಗೆಯೋ ಸಿಕ್ಕಿಕೊಂಡಾಗ ಬೋಲ್ಟ್ ತುಂಡಾಗಬೇಕು, ಅದು ಇರುವುದೇ ತುಂಡಾಗುವುದಕ್ಕೆ. ತುಂಡಾಗದಿದ್ದರೆ ಆ ಹೊಡೆತ ನೇರವಾಗಿ ಗೇರ್‌ಬಾಕ್ಸಿಗೂ ಪ್ಲಂಜರ್‌ನ ಕೂಡುಗೋಲಿಗೂ ಹೋಗುತ್ತದೆ.

ಚಿಕ್ಕಪ್ಪ: ಅದನ್ನು ಹಾಕಿದ್ದು ನಾನೇ. ಆ ವರ್ಷ ಮಳೆ ತಲೆಯ ಮೇಲಿತ್ತು, ಬೋಲ್ಟ್ ಪದೇ ಪದೇ ತುಂಡಾಗುತ್ತಿತ್ತು. ಹುಲ್ಲು ಹೊಲದಲ್ಲಿ ಕೊಳೆಯಲಿ ಎಂದು ಬಿಡಬೇಕಿತ್ತೇ? ನನ್ನನ್ನು ಕಟಕಟೆಗೆ ಏರಿಸಲು ಈ ಚಿತ್ರ ಹಾಕಿದೆಯಾ?

ನಾನು: ಇಲ್ಲ ಚಿಕ್ಕಪ್ಪ. ಆ ವರ್ಷ ನೀವು ಹುಲ್ಲು ಉಳಿಸಿದ್ದರಿಂದಲೇ ದನಗಳಿಗೆ ಮೇವು ಸಿಕ್ಕಿತು, ಅದನ್ನು ಈ ಮನೆಯಲ್ಲಿ ಯಾರೂ ಮರೆತಿಲ್ಲ. ಆದರೆ ಬೋಲ್ಟ್ ಪದೇ ಪದೇ ತುಂಡಾಗಿದ್ದಕ್ಕೆ ಕಾರಣ ಏನೆಂದು ಆಮೇಲೂ ಯಾರೂ ಹುಡುಕಲಿಲ್ಲ. ಮೊಂಡಾದ ಕತ್ತಿ ಇರಬಹುದು, ಬಿಗಿ ತಪ್ಪಿದ ಕ್ಲಚ್ ಇರಬಹುದು. ಈಗ ಗೇರ್‌ಬಾಕ್ಸ್ ಮುಚ್ಚಳ ತೆಗೆಸಿ ಹಲ್ಲುಗಳನ್ನೂ ತಳದ ಎಣ್ಣೆಯನ್ನೂ ನೋಡದೆ ಬೆಲೆ ಹೇಳಿದರೆ ಯಾರಾದರೂ ಒಬ್ಬರಿಗೆ ಮೋಸವಾಗುತ್ತದೆ. ಎಣ್ಣೆಯಲ್ಲಿ ಲೋಹದ ಚೂರು ಸಿಕ್ಕರೆ ಅಣ್ಣನಿಗೆ, ಸಿಗದಿದ್ದರೆ ನಮಗೆ.

ಅಕ್ಕ: ಈ ಮಾತು ಸರಿ.

ದೊಡ್ಡಣ್ಣ: ಆಯಿತು. ಹಾಗಾದರೆ ಟೈರ್‌ಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಬದಿಯೆಲ್ಲ ಬಿರುಕು ಬಿಟ್ಟಿವೆ. ಎರಡೂ ಹೊಸದು ಬೇಕು. ಚೈನ್ ಹೊಸದು ಬೇಕು. ಹಲ್ಲುಗಳು ಪೂರ್ತಿ ಹೊಸದು ಬೇಕು. ಎಲ್ಲವನ್ನೂ ಕಳೆಯಬೇಕು.

ನಾನು: ಇದನ್ನು ಒಪ್ಪಲಾರೆ ಅಣ್ಣ. ಹರಾಜಿನಲ್ಲಿ ಹೋದ ಅದೇ ವಯಸ್ಸಿನ ಬೇಲರ್‌ಗೆ ಟೈರ್ ಹೊಸದಿತ್ತೇ? ಅದೂ ಬಿರುಕು ಬಿಟ್ಟ ಟೈರಿನ ಮೇಲೆಯೇ ನಿಂತಿತ್ತು. ಆ ಸವಕಲು ಆ ಬೆಲೆಯೊಳಗೇ ಸೇರಿಹೋಗಿದೆ. ಅದೇ ಬೆಲೆಯನ್ನು ಆಧಾರ ಮಾಡಿಕೊಂಡು ಮತ್ತೆ ಟೈರಿಗೆ ಕಳೆದರೆ ಒಂದೇ ತಪ್ಪಿಗೆ ಎರಡು ದಂಡ. ಅದೇ ವಯಸ್ಸಿನ ಬೇರೆ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರದ ದೋಷವನ್ನು ಮಾತ್ರ ಕಳೆಯಬೇಕು. ಎಡಗಡೆಯ ನಾಟರ್ ಬರುತ್ತದೆ. ಗೇರ್‌ಬಾಕ್ಸಿನಲ್ಲಿ ಏನಾದರೂ ಸಿಕ್ಕರೆ ಅದೂ ಬರುತ್ತದೆ. ಟೈರ್ ಬರುವುದಿಲ್ಲ. ಪ್ರತಿಯಾಗಿ, ನಮ್ಮದು ಯಾವಾಗಲೂ ಸೂರಿನಡಿಯೇ ನಿಂತಿತ್ತು. ಬಯಲಲ್ಲಿ ನೆನೆದ ಯಂತ್ರದ ಬೇರಿಂಗ್, ಚೈನು, ತಗಡಿನ ಸ್ಥಿತಿಯೇ ಬೇರೆ. ಅದಕ್ಕೆ ಸ್ವಲ್ಪ ಸೇರಿಸುವುದೂ ನ್ಯಾಯ.

ಭಾವ: ಅವಳು ಹೇಳುವುದು ಲೆಕ್ಕಕ್ಕೆ ಸರಿಯಾಗಿದೆ.

ದೊಡ್ಡಣ್ಣ: ನೀವೆಲ್ಲ ಒಂದು ಪಕ್ಷ ಕಟ್ಟಿಕೊಂಡಿರಿ.

ಅಕ್ಕ: ಪಕ್ಷ ಏನೂ ಇಲ್ಲ ಅಣ್ಣ. ಒಂದು ಮಾತು ಕೇಳುತ್ತೇನೆ. ಎಲ್ಲ ನೋಡಿದ ಮೇಲೆ ಬೆಲೆಯನ್ನು ನೀನೇ ಹೇಳು. ಆದರೆ ಅದೇ ಬೆಲೆಯ ಲೆಕ್ಕದಲ್ಲಿ ನಿನ್ನ ಪಾಲನ್ನು ನಮಗೆ ಬಿಟ್ಟುಕೊಡಲೂ ಸಿದ್ಧನಿರಬೇಕು. ಕೊಳ್ಳುವುದೋ ಮಾರುವುದೋ ನಾವು ಆರಿಸುತ್ತೇವೆ. ನ್ಯಾಯವಾದ ಬೆಲೆ ಹೇಳಿದರೆ ನಿನಗೆ ಹೆದರಿಕೆ ಏಕೆ?

ದೊಡ್ಡಣ್ಣ: ಈ ಸಂದೇಶವನ್ನು ಅಳಿಸಲಾಗಿದೆ.

ದೊಡ್ಡಣ್ಣ: ಯೋಚಿಸಿ ಹೇಳುತ್ತೇನೆ.

ಚಿಕ್ಕಪ್ಪ: ಅದಕ್ಕೂ ಮೊದಲು ಯಂತ್ರ ಓಡಲಿ. ಓಡದ ಯಂತ್ರದ ಮುಂದೆ ನಿಂತು ಬೆಲೆ ಮಾತಾಡುವುದು ನನಗೆ ಹಿಡಿಸುವುದಿಲ್ಲ.

ನಾನು: ಓಡಿಸೋಣ. ಮೊದಲು ಟ್ರ್ಯಾಕ್ಟರ್ ಬಂದ್ ಮಾಡಿ, ಟ್ರ್ಯಾಕ್ಟರಿನ ಶಕ್ತಿಯನ್ನು ಬೇಲರ್‌ಗೆ ತರುವ ಪಿಟಿಒ ದಂಡ ಬಿಚ್ಚಿ, ನಾಟರ್ ಬಿಡುಗಡೆ ಮಾಡಿ ಫ್ಲೈವೀಲನ್ನು ಕೈಯಿಂದ ತಿರುಗಿಸುತ್ತೇನೆ. ಹುರಿಯನ್ನು ನಾಟರ್‌ಗೆ ತಲುಪಿಸುವ ಸೂಜಿಗಳು ಪ್ಲಂಜರ್‌ನ ಸೀಳಿನಲ್ಲಿ ತಾಗದೆ ಬರುತ್ತವೆಯೇ ಎಂದು ಎಲ್ಲರೂ ಕಣ್ಣಾರೆ ನೋಡಬಹುದು. ಆಮೇಲೆ ಒಣಗಿದ ಹುಲ್ಲಿನ ಮೇಲೆ, ಪಿಟಿಒ ನಿಮಿಷಕ್ಕೆ 540 ಸುತ್ತು ಇರುವಾಗ ಪೆಂಡಿ ಕಟ್ಟೋಣ. ಮೊದಲ ಕೆಲವು ಪೆಂಡಿಗಳ ಗಂಟು ಬಿಚ್ಚಿಕೊಂಡರೆ ಗಾಬರಿ ಬೇಡ. ನಿಲ್ಲಿಸಿಟ್ಟಾಗ ಕೊಕ್ಕಿನ ಮೇಲೆ ಹಿಡಿದ ತುಕ್ಕು ಹುರಿ ಉಜ್ಜಿಯೇ ಹೋಗಬೇಕು. ಅದಾದ ಮೇಲೂ ಎಡಗಡೆ ಮಾತ್ರ ಬಿಚ್ಚುತ್ತಿದ್ದರೆ ಆ ನಾಟರ್‌ನ ಪೂರ್ತಿ ಖರ್ಚು ಕಳೆಯೋಣ, ನನ್ನದೇನೂ ತಕರಾರಿಲ್ಲ. ನಿಲ್ಲಿಸಿದ ಕೂಡಲೇ ಬೇರಿಂಗ್‌ಗಳ ಬಿಸಿಯನ್ನೂ ನೋಡೋಣ. ಒಂದು ಮಾತ್ರ ಹೆಚ್ಚು ಕಾದಿದ್ದರೆ ಅದು ಹೋಗುತ್ತಿದೆ ಎಂದರ್ಥ.

ದೊಡ್ಡಣ್ಣ: ಗೇರ್‌ಬಾಕ್ಸ್ ಬಿಚ್ಚುವವನನ್ನು ನಾನು ಕರೆತರುತ್ತೇನೆ. ಅವನ ಕೂಲಿ ಎಲ್ಲರ ಪಾಲಿನಿಂದ ಹೋಗಲಿ.

ಅಕ್ಕ: ಒಪ್ಪಿದೆ. ನನ್ನ ಮಾತಿಗೆ ನಿನ್ನ ಉತ್ತರ ಇನ್ನೂ ಬಾಕಿ ಇದೆ.

ದೊಡ್ಡಣ್ಣ: ಯಂತ್ರ ಓಡಿದ ಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಗುಜರಿಯ ಮಾತು ಬಿಟ್ಟೆ.

ಚಿಕ್ಕಪ್ಪ: ಹಳೆಯ ಹುರಿ ಇಲಿ ಕಡಿದಿದೆ. ಹೊಸ ಉಂಡೆ ತನ್ನಿ, ಕೈಪಿಡಿಯಲ್ಲಿ ಹೇಳಿದ ದಪ್ಪದ್ದೇ ಇರಲಿ. ಬರುವಾಗ ಸರಿಯಾದ ಶಿಯರ್ ಬೋಲ್ಟ್‌ಗಳನ್ನೂ ನಾನೇ ತರುತ್ತೇನೆ.